ಕಿವುಡ್ ಮೇಷ್ಟ್ರು

"ಇಳ್ಸಿ, ಇಳ್ಸಿ! ಎಲ್ಲೀಗ್ ಒಂಟ್ರಿ? ಇಳ್ಸಿ ಕೆಳೀಕೆ!"

ಮೋಹನ್‌ಕುಮಾರ್ ಫೋನನ್ನು ಕಿವಿಯಿಂದ ತೆಗೆಯದೆಯೇ ಇನ್ನೊಂದು ಕೈ ಬೀಸುತ್ತ ಅಂಗಳಕ್ಕೆ ಓಡಿ ಬಂದಾಗ ವಿಮಾನ ಆಗಲೇ ನಾಲ್ವರ ಹೆಗಲೇರಿತ್ತು. ಬಿದಿರು ಕಟ್ಟಿ, ಬಾಳೆದಿಂಡು, ಚೆಂಡುಹೂವಿನಿಂದ ಸಿಂಗರಿಸಿದ ಆ ವಿಮಾನದೊಳಗೆ ಗಂಗಾಧರಯ್ಯ ಮೇಷ್ಟ್ರು ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಕೂತಿದ್ದರು. ಅವರ ಜನದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ, ಕೂರಿಸಿಯೇ ಕಳಿಸುತ್ತಾರೆ.

"ಏನಾಯ್ತು ಮೋಹನಣ್ಣ?" ಮುಂದಿನ ಹೆಗಲು ಕೊಟ್ಟಿದ್ದ ಮಗ ಶಶಿಕಿರಣ್ ಕೇಳಿದ.

"ಸುದರ್ಶನ್ ಬತ್ತಾವ್ನೆ ಕಣಪ್ಪ! ಚನ್ರಾಯಪಟ್ಣ ದಾಟವ್ನೆ. ಅವ್ನು ಬಂದು ಹಾರ ಹಾಕದೆ ಮಣ್ ಮಾಡಾದು ಅಂದ್ರೆ ಚೆನ್ನಾಗಿರ್ತದಾ? ಒಂದರ್ಧ ಗಂಟೆ ತಡ್ಕಳಿ."

ಅಂಗಳದಲ್ಲಿ ಗುಜುಗುಜು ಎದ್ದಿತು. ಸುದರ್ಶನ್ ಅಂದರೆ ಟೀವಿಯ ಕಬಡ್ಡಿ ಲೀಗಿನ ಸುದರ್ಶನ್. ಹಾಸನ ಜಿಲ್ಲೆಯ ಅರ್ಧ ಆಟೊಗಳ ಬೆನ್ನ ಮೇಲೆ ತೊಡೆ ತಟ್ಟಿಕೊಂಡು ನಿಂತವನು. ಅಳುತ್ತಿದ್ದವರಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡು, ಹಾಗೇ ತಲೆಗೂದಲನ್ನೂ ಸರಿಮಾಡಿಕೊಂಡರು.

"ಎತ್ತಿದ್ ಮ್ಯಾಕೆ ಇಳ್ಸಾದಾ? ಎಲ್ಲಾದ್ರೂ ಉಂಟಾ?" ಎಂದ ಪುಟ್ಟಸ್ವಾಮಿ. ಪಕ್ಕದ ಹೊಲದವನು, ಜಾತಿ ಬೇರೆಯಾದರೂ ಮೇಷ್ಟ್ರಿಗೆ ಹೆಗಲು ಕೊಟ್ಟೇ ಕೊಡುತ್ತೇನೆಂದು ಹಟ ಹಿಡಿದು ನಿಂತಿದ್ದವನು. "ಅಯ್ನೋರೇ, ನೀವಾದ್ರೂ ಯೋಳಿ."

ಮಠದ ಅಯ್ಯನವರು ಗಂಟಲು ಸರಿಮಾಡಿಕೊಂಡರು. ಮಠದ ಮಾಳಿಗೆಗೆ ಸಿಮೆಂಟು ಕೊಡಿಸಿದ್ದು ಕಬಡ್ಡಿ ಪಂದ್ಯಗಳನ್ನು ನಡೆಸುವ ಈ ಮೋಹನ್‌ಕುಮಾರ್. ಹಾಗಾಗಿ ಶಾಸ್ತ್ರ ಏನು ಹೇಳುತ್ತದೆಂಬುದು ಅವರಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಶಶಿಕಿರಣ್ ತಾಯಿ ನೀಲಾಂಬಿಕೆಯ ಕಡೆ ನೋಡಿದ. ಬೆಳಿಗ್ಗೆ ಮೋಹನ್‌ಕುಮಾರ್ ಅವನ ಭುಜದ ಮೇಲೆ ಕೈ ಹಾಕಿ, ವರ್ಷ ವರ್ಷ ಹೊಳೆನರಸೀಪುರದಲ್ಲಿ ಗಂಗಾಧರಯ್ಯ ಸ್ಮಾರಕ ಕಪ್ ನಡೆಸುತ್ತೇನೆ, ಸುದರ್ಶನನ ಕೈಲೇ ಉದ್ಘಾಟನೆ ಎಂದಿದ್ದ. ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ನಡೆಸುವ ಶಶಿಕಿರಣನಿಗೆ ಕಪ್ಪಿನ ಆಸೆ ಅಷ್ಟೇನಿರಲಿಲ್ಲ. ಅಂಗಡಿಗೆ ಬಂದ ರೈತರು ಈಗಲೂ ಅವನನ್ನು "ಕಿವುಡ್ ಮೇಷ್ಟ್ರ ಮಗ" ಎಂದೇ ಗುರುತು ಹಿಡಿಯುತ್ತಿದ್ದರು. ಅಪ್ಪನ ನಿಜವಾದ ಹೆಸರು ಕಪ್ಪಿನ ಮೇಲಾದರೂ ಉಳಿಯಲಿ ಎಂಬುದಷ್ಟೇ ಅವನ ಲೆಕ್ಕ.

ನೀಲಾಂಬಿಕೆ ಗೇಟಿನಲ್ಲಿ ಕಟ್ಟಿದ್ದ ಫ್ಲೆಕ್ಸನ್ನೇ ನೋಡುತ್ತಿದ್ದರು. ಭಾವಪೂರ್ಣ ಶ್ರದ್ಧಾಂಜಲಿ ಎಂದು ಬರೆದ ಅದರ ತುಂಬ ಕೈ ಮುಗಿದ ಸುದರ್ಶನ್. ಪಕ್ಕದಲ್ಲಿ ಅವನ ಅರ್ಧದಷ್ಟು ಮೋಹನ್‌ಕುಮಾರ್. ಮೇಷ್ಟ್ರು ಮೇಲುಗಡೆ ಮೂಲೆಯಲ್ಲಿ, ಅಂಚೆಚೀಟಿಯಷ್ಟು ಇದ್ದರು.

"ಎತ್ತಿದ್ದಾಗಿದೆ, ನಡೀರಿ," ಎಂದರು ನೀಲಾಂಬಿಕೆ. "ಬರೋರು ಹೊಲಕ್ಕೇ ಬರ್ತಾರೆ."

ವಿಮಾನ ಹೊರಟಿತು. ಗೇಟು ದಾಟುವಾಗ ಅವರು ಮಗನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ಕಪ್ಪೂ ಬೇಡ, ಗಿಪ್ಪೂ ಬೇಡ ಮಗ. ಇವರಿಗೆ ಕಿವಿ ಚೆನ್ನಾಗೇ ಕೇಳಿಸ್ತಿತ್ತು ಅಂತ ಆ ಸುದರ್ಶನ ಇವತ್ತು ಜನರ ಮುಂದೆ ಹೇಳ್ಬೇಕು. ನಾಳೆ ಹೇಳಿದ್ರೆ ನಂಗೇನೂ ಪ್ರಯೋಜನ ಇಲ್ಲ."

*

ದಂಡಿಗನಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಗಂಗಾಧರಯ್ಯ ಪಿ.ಟಿ. ಮೇಷ್ಟ್ರಾಗಿದ್ದಾಗ ಅವರು ಕಬಡ್ಡಿ ಕಲಿಸುವ ರೀತಿ ನೋಡಿ ಬೇರೆ ಮೇಷ್ಟ್ರುಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಹುಡುಗರು ರೈಡಿಗೆ ಹೊರಟರೆ ಇವರು ಅಂಕಣಕ್ಕೆ ಬೆನ್ನು ತಿರುಗಿಸಿ, ಬೇಲಿ ನೋಡಿಕೊಂಡು ನಿಲ್ಲುತ್ತಿದ್ದರು. ಹಿಂದಿನಿಂದ "ಕಬಡ್ಡಿ, ಕಬಡ್ಡಿ, ಕಬಡ್ಡಿ" ಎಂಬ ಒಂದೇ ಉಸಿರಿನ ಸದ್ದು ಬರಬೇಕು. ಗೆರೆ ದಾಟಿ ಹೋದವನು ಆ ದಮ್ಮು ಬಿಡದೆ ವಾಪಸು ಬರಬೇಕು. ಎದುರಾಳಿಯ ಅಂಕಣದಲ್ಲಿ ದಮ್ಮು ನಿಂತರೆ ಅಲ್ಲಿಗೆ ಮುಗಿಯಿತು.

"ದಮ್ ಬಿಟ್ಟೆ. ಆಚೆ ಬಾ."

"ಇಲ್ಲ ಸಾ, ಬಿಡ್ನಿಲ್ಲ ಸಾ!"

"ಎಡಗಡೆ ಮೂಲೇಲಿ ತಿರುಗ್ದ್ಯಲ್ಲ, ಅಲ್ಲಿ ಬಿಟ್ಟೆ. ಬಾರಲೇ ಆಚೆ."

ಅರಕಲಗೂಡು ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಸುದರ್ಶನ್ ಪೆಚ್ಚಾಗಿ ಹೊರಬರುತ್ತಿದ್ದ. ಬೆನ್ನಿನಲ್ಲಿ ಕಣ್ಣಿದೆಯೇನೋ ಎಂದು ಮೇಷ್ಟ್ರ ಅಂಗಿಯನ್ನೇ ದಿಟ್ಟಿಸುತ್ತಿದ್ದ.

"ನೋಡಪ್ಪ," ಎನ್ನುತ್ತಿದ್ದರು ಮೇಷ್ಟ್ರು, "ಆಚೆ ಅಂಕಣದಲ್ಲಿ ನೀನು ಒಬ್ನೇ. ದಮ್ ಬಿಟ್ಯೋ ಇಲ್ವೋ ಎಲ್ಲರಿಗಿಂತ ಮೊದ್ಲು ನಿಂಗೇ ಗೊತ್ತಾಗೋದು. ಬಿಟ್ಟಿದ್ರೆ ಕೈ ಎತ್ತಿ ಆಚೆ ಬಂದ್ಬಿಡು. ಅಂಪೈರ್ ಯಾಕೆ ಹೇಳ್ಬೇಕು?"

ಒಮ್ಮೆ ತಾಲ್ಲೂಕು ಪಂದ್ಯದಲ್ಲಿ ಸುದರ್ಶನ್ ನಿಜವಾಗಿಯೂ ಹಾಗೇ ಮಾಡಿದ. ಅಂಪೈರ್ ಸುಮ್ಮನಿದ್ದರೂ ಕೈ ಎತ್ತಿ ಹೊರಬಂದ. ಸ್ಕೂಲು ಸೋತಿತು. ಹೆಡ್‌ಮಾಸ್ತರು ಕೆಂಡವಾದರು. ಗಂಗಾಧರಯ್ಯ ಮಾತ್ರ ಸೋತ ಹುಡುಗರನ್ನೆಲ್ಲ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆದೋಸೆ ಕೊಡಿಸಿ, ಸುದರ್ಶನನ ತಟ್ಟೆಗೆ ಇನ್ನೊಂದು ಹಾಕಿಸಿದರು. ಮನೆಗೆ ಬಂದು ಹೆಂಡತಿಗೆ ಆ ಸುದ್ದಿ ಹೇಳುವಾಗ ಅವರ ಮುಖ ನೋಡಿದ್ದರೆ ಗೆದ್ದದ್ದು ಇವರೇ ಎನ್ನಬೇಕಿತ್ತು. ಭಾನುವಾರಗಳಲ್ಲಿ ಸುದರ್ಶನ್ ಅವರ ಮನೆಯಲ್ಲೇ ಉಣ್ಣುತ್ತಿದ್ದ. "ಅಮ್ಮಾ, ಇನ್ನೊಂದು ಮುದ್ದೆ" ಎಂದು ಕೇಳಿ ಹಾಕಿಸಿಕೊಳ್ಳುವಷ್ಟು ಸಲಿಗೆ ಇತ್ತು.

*

ಅದೇ ಸುದರ್ಶನ್ ಲೀಗಿಗೆ ಹೋಗಿ, ಟೀವಿಯಲ್ಲಿ ಮಿಂಚಿ, ಮೊದಲ ಸಲ ಊರ ಕಡೆ ಆಡಲು ಬಂದಾಗ ಮೇಷ್ಟ್ರು ರಿಟೈರಾಗಿದ್ದರು. ಹೊಳೆನರಸೀಪುರದಲ್ಲಿ ಭಾನುವಾರ ಮಧ್ಯಾಹ್ನ ಫೈನಲ್ಲು. ನಡೆಸುತ್ತಿದ್ದವನು ಮೋಹನ್‌ಕುಮಾರ್, ಸುದರ್ಶನ್ ಆಡುತ್ತಿದ್ದದ್ದು ಅವನದೇ ತಂಡಕ್ಕೆ. ಅಂಪೈರ್ ಗಂಗಾಧರಯ್ಯ. ತನ್ನ ಶಿಷ್ಯನ ಆಟ ಹತ್ತಿರದಿಂದ ನೋಡುವ ಸಡಗರಕ್ಕೆ ಅವರು ಹೊಸ ಬಿಳಿ ಅಂಗಿ ಹೊಲಿಸಿಕೊಂಡಿದ್ದರು.

ಕೊನೆಯ ರೈಡು. ಎರಡೂ ತಂಡ ಸಮ. ಸುದರ್ಶನ್ ಹೋದ, ಒಬ್ಬನನ್ನು ಮುಟ್ಟಿದ, ಹಾರಿ ಗೆರೆಗೆ ಬಂದು ಬಿದ್ದ. ಜನ ಹುಚ್ಚೆದ್ದು ಕೂಗಿದರು. ಮೇಷ್ಟ್ರು ಕೈ ಎತ್ತಿ, "ರೈಡರ್ ಔಟ್. ದಮ್ ಬಿಟ್ಟ" ಎಂದರು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನೀರಿನ ಬಾಟಲಿಗಳು ಬಂದು ಬಿದ್ದವು. ಮೋಹನ್‌ಕುಮಾರ್ ಅಂಕಣಕ್ಕೇ ನುಗ್ಗಿ ಮೇಷ್ಟ್ರ ಹೊಸ ಅಂಗಿಯ ಕಾಲರ್ ಹಿಡಿದ.

"ಯಾರಿಗ್ ಔಟ್ ಕೊಡ್ತಾ ಇದೀಯ ಗೊತ್ತೇನಯ್ಯಾ? ಇಂಡಿಯಾನೇ ನೋಡೋ ಪ್ಲೇಯರ್ ಅವ್ನು! ಸರಿಯಾಗಿ ಕೇಳುಸ್ನಿಲ್ಲ ಅಂತ ಮೈಕಲ್ಲಿ ಯೋಳು."

ಮೈಕನ್ನು ಬಾಯಿಗೇ ತುರುಕಿದಂತೆ ಹಿಡಿದಿದ್ದ. ಸುತ್ತ ಅವನ ಹುಡುಗರು ನಿಂತಿದ್ದರು. ಮೇಷ್ಟ್ರು ಅದೇ ಮೈಕಿನಲ್ಲಿ ಹೇಳಿದರು:

"ಕೇಳಿಸ್ತು. ದಮ್ಮು ನಿಂತಿದ್ದು ಕೇಳಿಸ್ತು. ಔಟು."

ಕಾಲರ್ ಹರಿಯಿತು. ಮೇಷ್ಟ್ರು ಆ ಗದ್ದಲದಲ್ಲೇ ಸುದರ್ಶನನ ಹತ್ತಿರ ನಡೆದುಹೋಗಿ, "ನೀನೇ ಹೇಳ್ಬಿಡಪ್ಪ" ಎಂದರು. ಸುದರ್ಶನ್ ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ. ಅದು ಕಟ್ಟಿಯೇ ಇತ್ತು.

"ಮೇಷ್ಟ್ರಿಗೆ ವಯಸ್ಸಾಗದೆ, ಕಿವಿ ಕ್ಯೋಳಾಕಿಲ್ಲ, ಪಾಪ!" ಎಂದು ಮೋಹನ್‌ಕುಮಾರ್ ಮೈಕಿನಲ್ಲಿ ಕೂಗಿದ. ಮೈದಾನವೆಲ್ಲ ನಕ್ಕಿತು. ಬೇರೆ ಅಂಪೈರ್ ಬಂದ, ಕಪ್ ಮೋಹನ್‌ಕುಮಾರನ ತಂಡಕ್ಕೇ ಹೋಯಿತು. ಕಿವುಡ್ ಮೇಷ್ಟ್ರು ಎಂಬ ಹೆಸರು ಮೇಷ್ಟ್ರು ಬಸ್ಸಿಳಿಯುವ ಮೊದಲೇ ಅವರ ಊರು ಕಟ್ಟಾಯ ತಲುಪಿತ್ತು.

ದೊಡ್ಡ ಪಂದ್ಯಗಳಿಗೆ ಆಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಅವರೇನೂ ಮನೆ ಹಿಡಿದು ಕೂರಲಿಲ್ಲ. ಹಳ್ಳಿಯ ಪ್ರೈಮರಿ ಸ್ಕೂಲುಗಳಿಗೆ ಹೋಗಿ, ಚಿಕ್ಕ ಹುಡುಗಿಯರ ಕಬಡ್ಡಿಗೆ ಬೆನ್ನು ತಿರುಗಿಸಿ ನಿಂತು, ದಮ್ಮು ಕೇಳಿ, ಔಟು ಕೊಟ್ಟು ಬರುತ್ತಿದ್ದರು. ಟೀವಿಯಲ್ಲಿ ಲೀಗು ಬಂದರೆ ಮಾತ್ರ ಎದ್ದು ಹೋಗುತ್ತಿದ್ದರು. "ಬರೀ ಪಟಾಕಿ, ಕುಣಿತ. ದಮ್ಮೇ ಕೇಳ್ಸಲ್ಲ" ಎನ್ನುತ್ತಿದ್ದರು. ಸಂತೆಯಲ್ಲಿ ಯಾರಾದರೂ ಬೆನ್ನ ಹಿಂದೆ ಪಿಸುಗುಟ್ಟುವಂತೆ "ಕಿವುಡ್ ಮೇಷ್ಟ್ರು ಬಂದ್ರು ಕಣ್ಲಾ" ಎಂದರೆ, ಆ ಸಂತೆಯ ಗಲಾಟೆಯಲ್ಲೂ ಗಕ್ಕನೆ ತಿರುಗಿ, "ಬಂದೆ ಕಣಪ್ಪ, ಏನ್ಸಮಾಚಾರ?" ಎಂದು ಕೇಳುತ್ತಿದ್ದರು. ಅಂದವರೇ ನಾಚಿಕೊಳ್ಳಬೇಕು. ನಾಚಿಕೊಂಡರೂ ಹೆಸರನ್ನು ಯಾರೂ ಬಿಡಲಿಲ್ಲ ಅನ್ನಿ.

ಮನೆಯಲ್ಲಿ ಒಂದು ದಿನ ಮಾತ್ರ ಅವರು ನೀಲಾಂಬಿಕೆಯನ್ನು ಕೇಳಿದ್ದರು: "ಅವನಿಗೆ ಗೊತ್ತಿತ್ತು ಕಣೇ. ಯಾಕೆ ಕೈ ಎತ್ತಲಿಲ್ಲ?"

*

ಜೋಳದ ಹೊಲದ ಅಂಚಿನಲ್ಲಿ ಗುಂಡಿ ತೋಡಿತ್ತು. ಒಳಗೆ ಒಂದು ಬದಿಗೆ ಗೂಡು ಕೊರೆದು, ಮೇಷ್ಟ್ರನ್ನು ಅದರಲ್ಲಿ ಕೂರಿಸಿ, ವಿಭೂತಿ, ಬಿಲ್ವಪತ್ರೆ ತುಂಬಿದರು. ಅಯ್ಯನವರು ಮಂತ್ರ ಮುಗಿಸಿ, "ಮಣ್ಣು ಕೊಡೋರು ಒಬ್ಬೊಬ್ಬರಾಗಿ ಬನ್ನಿ" ಎನ್ನುವ ಹೊತ್ತಿಗೆ ರಸ್ತೆಯಲ್ಲಿ ಎರಡು ಕರಿ ಕಾರು ನಿಂತವು.

"ಬಂದ! ಬಂದ ಕಣ್ರೋ!"

ಸಾಲಿನಲ್ಲಿದ್ದವರು ಹಿಡಿಮಣ್ಣು ಚೆಲ್ಲಿ, ಫೋನು ತೆಗೆದುಕೊಂಡು ಬದುವಿನ ಕಡೆ ಓಡಿದರು. ಭಜನೆಯವರ ತಾಳವೂ ನಿಂತಿತು. ಗುಂಡಿಯ ಹತ್ತಿರ ಉಳಿದವರು ನೀಲಾಂಬಿಕೆ, ಪುಟ್ಟಸ್ವಾಮಿ, ಅಯ್ಯನವರು. ಶಶಿಕಿರಣ್ ಎರಡು ಹೆಜ್ಜೆ ಹೋದವನು ತಾಯಿಯ ಮುಖ ನೋಡಿ ವಾಪಸು ಬಂದ.

"ಥೂ, ಈ ಜನದ್ ಮಕಕ್ಕೆ," ಎಂದ ಪುಟ್ಟಸ್ವಾಮಿ. "ನಾನೂ ಸೇರ್ದಂಗೆ ಕಣವ್ವ. ನಾನೂವೆ ಅಂಗೇ ಕೂಗಿದೀನಿ, ಕಿವುಡ್ ಮೇಷ್ಟ್ರೇ ಅಂತ."

"ಗೊತ್ತು ಬಿಡು ಪುಟ್ಟಸ್ವಾಮಿ. ಅವ್ರಿಗೂ ಕೇಳಿಸ್ತಿತ್ತು."

ಸುದರ್ಶನ್ ಜನರ ನಡುವೆ ಬಂದ. ಟೀವಿಯಲ್ಲಿ ಕಾಣುವುದಕ್ಕಿಂತ ದಪ್ಪಗಾಗಿದ್ದ, ಒಂದು ಮಂಡಿ ಸರಿಯಾಗಿ ಮಡಚುತ್ತಿರಲಿಲ್ಲ. ಬೂಟು ಬದುವಿನಲ್ಲಿ ಬಿಟ್ಟು ಬರಿಗಾಲಲ್ಲಿ ಬರುತ್ತಿದ್ದ. ಪಕ್ಕದಲ್ಲಿ ಮೋಹನ್‌ಕುಮಾರ್ ಭಜನೆಯವರ ಮೈಕು ಕಿತ್ತುಕೊಂಡು, "ನಮ್ಮ ಜಿಲ್ಲೆಯ ಹೆಮ್ಮೆಯ ಪುತ್ರ, ಗುರುಗಳ ಅಂತಿಮ ದರ್ಶನಕ್ಕಾಗಿ..." ಎಂದು ಶುರುಮಾಡಿದ್ದ.

ಸುದರ್ಶನ್ ಗುಂಡಿಯ ಅಂಚಿನಲ್ಲಿ ಕೂತು ಒಳಗೆ ನೋಡಿದ. ಹಿಡಿ ಮಣ್ಣು ತೆಗೆದುಕೊಂಡ. ತುಟಿ ಅಲ್ಲಾಡಿತು, ಏನೋ ಅಂದ. ಪಕ್ಕದಲ್ಲಿದ್ದವರಿಗೂ ಕೇಳಲಿಲ್ಲ.

"ಏನಂದೆ ಮಗಾ?" ನೀಲಾಂಬಿಕೆ ಕೇಳಿದರು.

"ತಪ್ಪಾಯ್ತು ಅಂದೆ ಅಮ್ಮ."

"ಅಷ್ಟು ಮೆತ್ತಗೆ ಅಂದ್ರೆ ಹೇಗಪ್ಪ? ಅವ್ರು ಕಿವುಡ್ರಲ್ವಾ? ಜೋರಾಗಿ ಹೇಳು."

ಮೋಹನ್‌ಕುಮಾರ್ ಮೈಕಿಗೆ ಅಂಗೈ ಮುಚ್ಚಿ ನಕ್ಕ. "ಬಿಡಿ ಅಮ್ಮಾ, ಈಗ್ಯಾಕೆ ಅದೆಲ್ಲ. ಸ್ಮಾರಕ ಕಪ್ಪು ಅನೌನ್ಸ್ ಮಾಡ್ಬುಡ್ತೀವಿ. ಲೇ ಶಶಿ, ನೀನಾದ್ರೂ ಯೋಳಪ್ಪ."

ಶಶಿಕಿರಣ್ ಮುಂದೆ ಬಂದ. ಮೋಹನ್‌ಕುಮಾರನ ಕೈಯಿಂದ ಮೈಕು ತೆಗೆದುಕೊಂಡು ಭಜನೆಯವನಿಗೆ ಕೊಟ್ಟ. "ಕಪ್ ಬೇಡ ಮೋಹನಣ್ಣ," ಎಂದ. "ಅಮ್ಮ ಮಾತಾಡ್ತಾ ಇದಾರೆ. ನೀವು ಸ್ವಲ್ಪ ಹಿಂದಕ್ಕೆ ನಿಂತ್ಕೊಳಿ."

ನೀಲಾಂಬಿಕೆ ಸುದರ್ಶನನ ಮುಖದಿಂದ ಕಣ್ಣು ತೆಗೆದಿರಲಿಲ್ಲ. ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಮುದ್ದೆ ಬಡಿಸಿ, ಉಣ್ಣಲಿ ಎಂದು ಕಾಯುವವರ ಹಾಗೆ ನಿಂತಿದ್ದರು.

ಸುದರ್ಶನ್ ಮಣ್ಣು ಹಿಡಿದ ಕೈಯನ್ನು ಹಾಗೇ ಮೇಲೆತ್ತಿದ. ಆಮೇಲೆ ಗುಂಡಿಯೊಳಕ್ಕೆ ಬಗ್ಗಿ, ಎದುರು ಅಂಕಣದ ಆಚೆ ಇರುವವರನ್ನು ಕರೆಯುವಂತೆ ಕೂಗಿದ:

"ಬಿಟ್ಟಿದ್ದೆ ಸಾ! ಅವತ್ತು ದಮ್ ಬಿಟ್ಟಿದ್ದೆ! ನಿಮಗೆ ಸರ್ಯಾಗೇ ಕೇಳ್ಸಿತ್ತು ಸಾ!"

ಹೊಲದಾಚೆ ಜೋಳದ ಮೇಲಿದ್ದ ಹಕ್ಕಿಗಳು ಎದ್ದು ಹಾರಿದವು. ಪುಟ್ಟಸ್ವಾಮಿ ತಲೆಗೆ ಸುತ್ತಿದ್ದ ವಲ್ಲಿಯನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ಚೆಲ್ಲಾಪಿಲ್ಲಿಯಾಗಿದ್ದ ಸಾಲು ಯಾರೂ ಹೇಳದೆಯೇ ಮತ್ತೆ ಕೂಡಿತು, ಒಬ್ಬೊಬ್ಬರೇ ಬಂದು ಮಣ್ಣು ಕೊಟ್ಟರು. ಮೋಹನ್‌ಕುಮಾರ್ ಫೋನಿನಲ್ಲಿ ಮಾತಾಡುತ್ತ ಕಾರಿನ ಕಡೆ ನಡೆದ. ಫೋನಿನ ಆಚೆ ಯಾರೂ ಇರಲಿಲ್ಲ.

ಗುಂಡಿ ಮುಚ್ಚಿದ ಮೇಲೆ ಮಣ್ಣು ಕೊಟ್ಟವರೆಲ್ಲ ಪಂಪ್‌ಸೆಟ್ಟಿನ ತೊಟ್ಟಿಯ ಹತ್ತಿರ ಕೈಕಾಲು ತೊಳೆಯಲು ಹೋದರು. ಸುದರ್ಶನ್ ಕೊನೆಗೆ ಹೋದ. ನೀಲಾಂಬಿಕೆ ತೊಟ್ಟಿಯಿಂದ ಚೊಂಬಿನಲ್ಲಿ ನೀರು ಮೊಗೆದು ಅವನ ಮುಂದೆ ಹಿಡಿದರು. ಅವನು ಎರಡೂ ಅಂಗೈ ಚಾಚಿದ, ಉಜ್ಜಲು ಮರೆತು ಹಾಗೇ ನಿಂತ. ಕೆಂಪು ನೀರು ಬೆರಳ ಸಂದಿಯಿಂದ ಇಳಿದು ಅವನ ಬರಿಗಾಲ ಮೇಲೆ ಬೀಳುತ್ತಿತ್ತು. ನೀಲಾಂಬಿಕೆ ಇನ್ನೊಂದು ಚೊಂಬು ಮೊಗೆದು ಹೊಯ್ದರು.