ತುಳಿಯುವ ಕಾಲಿನ ಗುರುತು

"ಮುಖಾನೇ ನೋಡದೋರಿಗೆ ಸರ್ಟಿಫಿಕೇಟ್ ಕೊಡೋಕಾಗಲ್ಲ ಮೇಡಂ," ಎಂದ ಹೊಲಿಗೆ ತರಬೇತಿ ಕೇಂದ್ರದ ಮ್ಯಾನೇಜರ್. "ಆನ್‌ಲೈನಲ್ಲಿ ಯಾರು ಹೊಲಿದ್ರೋ, ಯಾರ ಕೈಲಿ ಹೊಲಿಸಿದ್ರೋ, ಯಾರಿಗೆ ಗೊತ್ತು?"

"ನಂಗೊತ್ತು," ಎಂದರು ಟೀಚರಮ್ಮ.

ಅವನಿಗೆ ನಗು ಬಂತು. ಬರದೆ ಏನು! ಆರು ತಿಂಗಳ ಕ್ಲಾಸಿನಲ್ಲಿ ಟೀಚರಮ್ಮ ಒಬ್ಬಳ ಮುಖವನ್ನೂ ಕಂಡವರಲ್ಲ. ನಿಮ್ಮ ಮೂತಿ ನೋಡಿ ನಾನೇನು ಮಾಡಲಿ, ಫೋನನ್ನು ಸೂಜಿಯ ಕಡೆ ತಿರುಗಿಸಿಡಿ ಎಂದು ಮೊದಲ ದಿನವೇ ಗದರಿಸಿದ್ದರು. ಮೈಕನ್ನು ಮಾತ್ರ ಯಾರೂ ಮುಚ್ಚುವಂತಿರಲಿಲ್ಲ. ಹನ್ನೆರಡು ಮಿಷಿನ್ನು ಒಟ್ಟಿಗೆ ಗಡಗಡ ಎಂದರೆ ಬೇರೆಯವರ ತಲೆ ಚಿಟ್ಟು ಹಿಡಿಯಬೇಕು. ಟೀಚರಮ್ಮನಿಗೆ ಅದೇ ಹಾಜರಿ ಪುಸ್ತಕ. ಯಾರ ದಾರ ಸಡಿಲ, ಯಾರು ಮನೆಯಲ್ಲಿ ಜಗಳವಾಡಿ ಬಂದು ಕೂತಿದ್ದಾರೆ, ಎಲ್ಲ ಕಿವಿಗೇ ತಿಳಿಯುತ್ತಿತ್ತು. ಮುಖ ಕಾಣದ್ದಕ್ಕೋ ಏನೋ, ಎದುರು ಕೂತಿದ್ದರೆ ಬಾಯಿ ಬಿಡದ ಸಂಗತಿಗಳನ್ನೂ ಆ ಹೆಂಗಸರು ಹೊಲಿಯುತ್ತ ಹೊಲಿಯುತ್ತ ಹೇಳಿಕೊಂಡಿದ್ದರು.

ಅವರಲ್ಲಿ ಒಬ್ಬಳಿಗೆ ಟೀಚರಮ್ಮ ಗುಬ್ಬಚ್ಚಿ ಎಂದು ಹೆಸರಿಟ್ಟಿದ್ದರು. ಹಾಸಿಗೆ ಹಿಡಿದ ಮಾವನ ಪಕ್ಕದಲ್ಲೇ ಅವಳ ಮಿಷಿನ್ನು. ಬಟ್ಟೆಯ ಮೂಲೆ ಬಂದರೆ ಸಾಕು, ಹೆದರಿ ಎರಡು ಸಲ ನಿಂತು ಆಮೇಲೆ ತಿರುಗಿಸುತ್ತಿದ್ದಳು. ಸರ್ಟಿಫಿಕೇಟ್ ಇದ್ದರೆ ಗಾರ್ಮೆಂಟಿನವರು ಮನೆಗೇ ಕೆಲಸ ಕಳಿಸುತ್ತಾರೆ. ಅವಳಿಗೆ ಇನ್ಯಾವ ಕೆಲಸವೂ ಸಾಧ್ಯವಿರಲಿಲ್ಲ.

"ಎಲ್ಲರನ್ನೂ ಕರೆಸಿ," ಎಂದರು ಟೀಚರಮ್ಮ. "ನಾನು ಗೋಡೆ ಕಡೆ ತಿರುಗಿ ಕೂರ್ತೀನಿ. ಒಬ್ಬೊಬ್ಬರೇ ಹೊಲೀಲಿ, ಯಾರೂಂತ ಹೇಳ್ತೀನಿ. ಒಂದು ತಪ್ಪಿದ್ರೂ ಹನ್ನೆರಡೂ ಹರಿದುಹಾಕಿ."

ಪರೀಕ್ಷೆಯ ದಿನ ಮ್ಯಾನೇಜರ್ ತಾನೇ ಬಾಗಿಲಲ್ಲಿ ನಿಂತು, ಹಾಲ್ ಟಿಕೆಟ್ಟಿನ ಫೋಟೋಗೂ ಮುಖಕ್ಕೂ ತಾಳೆ ನೋಡಿ ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ಕೇಂದ್ರದ ಮಿಷಿನ್ನು ಯಾವುದಾದರೇನು, ತುಳಿಯುವ ಕಾಲು ಅವರದೇ ತಾನೆ? ಟೀಚರಮ್ಮ ಹನ್ನೊಂದು ಜನರನ್ನು ಪಟಪಟನೆ ಹೇಳಿಬಿಟ್ಟರು. ಉಳಿದದ್ದು ಗುಬ್ಬಚ್ಚಿ.

ಹನ್ನೆರಡನೆಯ ಮಿಷಿನ್ನು ಶುರುವಾಯಿತು. ಮೂಲೆ ಬಂತು. ಸದ್ದು ನಿಲ್ಲಲೇ ಇಲ್ಲ, ಸಲೀಸಾಗಿ ತಿರುಗಿ ಮುಂದೆ ಹೋಯಿತು.

ಟೀಚರಮ್ಮ ಗುಬ್ಬಚ್ಚಿ ಎಂದುಬಿಟ್ಟರೆ ಮುಗಿಯಿತು, ಎಲ್ಲರೂ ಪಾಸು. ಆದರೆ ಆರು ತಿಂಗಳು ಕಿವಿಗೊಟ್ಟು ಕೇಳಿದ್ದನ್ನೆಲ್ಲ ತಾವೇ ಸುಳ್ಳು ಮಾಡಿದಂತೆ. ಅದು ಅವರಿಂದ ಆಗಲಿಲ್ಲ.

"ಇವಳು ನನ್ನ ಹುಡುಗಿ ಅಲ್ಲ," ಎಂದರು.

ಮಿಷಿನ್ನಿನ ಮುಂದಿದ್ದವಳು ಅಳತೊಡಗಿದಳು. "ನಾನು ಅವಳ ಅಕ್ಕ ಟೀಚರ್. ಬೆಳಿಗ್ಗೆಯಿಂದ ಮಾವಂಗೆ ಉಸಿರಾಟದ ತೊಂದರೆ, ಬಿಟ್ಟು ಬರೋಕೆ ಅವಳಿಗೆ ಧೈರ್ಯ ಬರ್ಲಿಲ್ಲ. ನೋಡೋಕೆ ಒಂದೇ ಥರ ಇದೀವಲ್ಲ ಅಂತ ನಾನೇ ಬಂದೆ."

"ನೋಡಿದ್ರಾ! ಮೋಸ!" ಮ್ಯಾನೇಜರ್ ಕುಣಿದಾಡುವುದೊಂದು ಬಾಕಿ.

"ಮೋಸಾನೇ," ಟೀಚರಮ್ಮ ಈಗ ಇತ್ತ ತಿರುಗಿದರು. "ಹಿಡಿದದ್ದು ಯಾರು ಸ್ವಾಮಿ? ಮುಖ ನೋಡಿ ಒಳಗೆ ಬಿಟ್ಟೋರು ನೀವು. ಗೋಡೆ ನೋಡ್ಕೊಂಡು ಹಿಡಿದೋಳು ನಾನು."

ಮ್ಯಾನೇಜರ್ ಸರ್ಟಿಫಿಕೇಟಿನ ರಿಜಿಸ್ಟರನ್ನೂ ಸೀಲನ್ನೂ ತಂದು ಮೇಜಿನ ಮೇಲಿಟ್ಟ. "ಆಯ್ತು, ಹನ್ನೊಂದು ಕೊಡ್ತೀನಿ. ಅವಳದ್ದು ಬಿಟ್ಬಿಡಿ," ಎಂದು ಗೊಣಗಿದ.

"ಹನ್ನೆರಡು." ಟೀಚರಮ್ಮ ರಿಜಿಸ್ಟರನ್ನೂ ಸೀಲನ್ನೂ ಎತ್ತಿ ಕಂಕುಳಿಗೆ ಸೇರಿಸಿದರು. "ಪರೀಕ್ಷೆ ಇನ್ನೂ ಮುಗಿದಿಲ್ಲ. ನಡೀರೇ, ಅವಳ ಮನೆಗೆ."

"ಮೇಡಂ, ರೂಲ್ಸ್ ಪ್ರಕಾರ..."

"ರೂಲ್ಸನ್ನ ದಾರೀಲಿ ಓದ್ಕೊಂಡು ಬನ್ನಿ."

ಹನ್ನೊಂದೂ ಜನ ಒಟ್ಟಿಗೇ ಎದ್ದರು. ಕಣ್ಣೊರೆಸಿಕೊಳ್ಳುತ್ತ ಅಕ್ಕ ದಾರಿ ತೋರಿಸಿದಳು. ಸೀಲು ಹೋದಲ್ಲಿಗೆ ಹೋಗದೆ ಮ್ಯಾನೇಜರಿಗೆ ಬೇರೆ ಗತಿಯಿರಲಿಲ್ಲ. ಏದುಸಿರು ಬಿಡುತ್ತ ಅವನೂ ಮೂರು ಮಹಡಿ ಹತ್ತಿದ.

ಬಾಗಿಲು ತೆರೆದವಳು ಅಷ್ಟೊಂದು ಅಪರಿಚಿತ ಮುಖಗಳನ್ನು ಕಂಡು ಕಂಗಾಲಾದಳು. "ಯಾರು ಬೇಕಿತ್ತು?"

"ಕಳ್ಳಿ!" ಎಂದರು ಟೀಚರಮ್ಮ.

ಆ ದನಿ ಕೇಳಿದ್ದೇ ಅವಳ ಕಣ್ಣು ತುಂಬಿ ಬಂತು.

"ಅಳು ಆಮೇಲೆ. ಇಷ್ಟು ಜನ ಇದೀವಿ, ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ? ಹೋಗು, ಮಿಷಿನ್ ಮುಂದೆ ಕೂತ್ಕೋ. ನಿನ್ನ ಮಾವನ್ನ ನಾವು ನೋಡ್ಕೋತೀವಿ."