ಮೂರು ಊಟದ ಮಾತ್ರೆ

ಬೆಂದ ಗೂಡಿನ ವಾಸನೆ ನನಗೆ ಅಮ್ಮನ ವಾಸನೆ. ಕುದಿನೀರಿನಲ್ಲಿ ರೇಷ್ಮೆಹುಳ ಬೇಯುವ ಆ ಜಿಡ್ಡು ನಾತ ಅವಳ ಸೀರೆಯಲ್ಲಿ, ಕೂದಲಿನಲ್ಲಿ, ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಡುತ್ತಿದ್ದ ಮುದ್ದೆಯ ತುತ್ತಿನಲ್ಲೂ ಇರುತ್ತಿತ್ತು. ಕಾಲೇಜು ಓದಿ, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ಮೇಲೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ.

ಆಸ್ಪತ್ರೆಯ ಸಾಲಿನಲ್ಲಿ ಅದೇ ವಾಸನೆ ಬಂದಾಗ ಕಾಂಪೌಂಡರ್ ಬೋರಲಿಂಗಯ್ಯ ಕರ್ಚೀಫನ್ನು ಮೂಗಿಗೆ ಹಿಡಿದ.

"ಏಯ್, ಅಲ್ಲೇ ನಿಂತ್ಕೊಳೆ. ಸತ್ತ ಹುಳ ನಾರ್ದಂಗೆ ನಾರ್ತಾವ್ಳೆ ಮುಂಡೆ. ನಿಮ್ಮನೇಲಿ ನೀರಿಲ್ವಾ?"

"ನೀರಲ್ಲೇ ಇರದು ಸ್ವಾಮಿ, ಬೆಳಗಿಂದ ಸಂಜೆಗಂಟ," ಅಂದಳು ದೊಡ್ಡಲಕ್ಷ್ಮಮ್ಮ.

ಸಾಲಿನಲ್ಲಿದ್ದ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ಬೋರಲಿಂಗಯ್ಯ ನಗಲಿಲ್ಲ.

ದೊಡ್ಡಲಕ್ಷ್ಮಮ್ಮ ನಮ್ಮ ಬೀದಿಯವಳು. ನಂಜುಂಡಯ್ಯನ ಶೆಡ್ಡಿನಲ್ಲಿ ನೂಲು ಬಿಚ್ಚುವ ಕೆಲಸ. ಪಕ್ಕದ ಕುದಿನೀರಿನ ಬಾಂಡ್ಲಿಯ ಮುಂದೆ ಕೂರುವ ಜಹೀದಾ ಅವಳ ಜೊತೆ ಬಂದಿದ್ದಳು, ಮಧ್ಯಾಹ್ನದ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು. ನಾನು ಬಿ.ಪಿ. ಮಾತ್ರೆಗೆಂದು ಬಂದಿದ್ದೆ. ನನ್ನನ್ನು ಕಂಡು ಬೋರಲಿಂಗಯ್ಯ ಸ್ಟೂಲು ಒರೆಸಿ ಹಾಕಿದ್ದ. ನಾನು ಕೂತಿದ್ದೆ.

ರಾಮನಗರ ಜಿಲ್ಲೆಯಾದ ಮರುವರ್ಷ ಅದು. ಗೋಡೆಗೆ ಹೊಸ ಪಟ ಬಂದಿತ್ತು: ಸೇಬು, ಹಾಲಿನ ಲೋಟ, ಮೊಟ್ಟೆ, ನಗುತ್ತಾ ಮಾತ್ರೆ ನುಂಗುವ ಒಂದು ಸಂಸಾರ. ಅದರ ಕೆಳಗಿನ ಮೇಜಿನ ಮೇಲೆ ಒಂದು ರಿಜಿಸ್ಟರು, ಒಂದು ಇಂಕ್ ಪ್ಯಾಡು. ಆರೋಗ್ಯ ತಿಳುವಳಿಕೆ ಮಾಸಾಚರಣೆ. ಶನಿವಾರ ಮೇಲಿನ ಸಾಹೇಬರು ಬರುವಷ್ಟರಲ್ಲಿ ಅದರಲ್ಲಿ ತಿಳುವಳಿಕೆ ಪಡೆದವರ ನೂರು ಹೆಬ್ಬೆಟ್ಟು ತುಂಬಬೇಕಿತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ದೊಡ್ಡಲಕ್ಷ್ಮಮ್ಮನ ಕೈಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು. ಬಲಗೈಯ ತೋರುಬೆರಳು. ಕುದಿಯುವ ನೀರಿನಲ್ಲಿ ಎಳೆಯ ತುದಿಯನ್ನು ಹುಡುಕಿ ಹಿಡಿಯುವ ಬೆರಳು ಅದು. ಎರಡನೆಯ ಗೆಣ್ಣಿನವರೆಗೆ ಕಪ್ಪಗಾಗಿ ಊದಿತ್ತು.

"ಐದು ದಿನದ ಹಿಂದೆ ಮಾತ್ರೆ ಕೊಟ್ಟಿದ್ನಲ್ಲಮ್ಮ. ತಗೊಂಡ್ಯಾ?"

"ತಕ್ಕಂಡೆ ಕಣವ್ವ." ಅವಳು ಎಡಗೈಯಲ್ಲಿ ಸೆರಗಿನ ಗಂಟು ಬಿಚ್ಚಿ ಕಾಗದದ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. "ಬಾಕಿ ಹತ್ತು ಅವೆ. ಒಂದೂ ಕಳ್ದಿಲ್ಲ."

ಕೊಟ್ಟಿದ್ದು ಹದಿನೈದು, ದಿನಕ್ಕೆ ಮೂರರಂತೆ.

"ನೋಡಿದ್ರಾ ಮೇಡಂ," ಅಂದ ಬೋರಲಿಂಗಯ್ಯ. "ದನಕ್ಕೆ ಹೇಳಿದ್ರೂ ಒಸಿ ತಿಳ್ಕೊತದೆ. ಈ ಮುಂಡೇವ್ಕೆ ಹೇಳಿ ಹೇಳಿ ನಮ್ ಬಾಯಿ ಸವೀಬೇಕು."

ಡಾಕ್ಟರಮ್ಮ ಬೆರಳನ್ನು ತಿರುಗಿಸಿ ನೋಡಿದಳು. "ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಇವತ್ತೇ. ಬೆರಳು ತೆಗೀಬೇಕಾಗಬಹುದು."

"ತೆಗುದ್ರೆ ಎಳೆ ಹೆಂಗವ್ವ ಹಿಡಿಯದು?" ಅಂದಳು ಜಹೀದಾ. "ಬೆರಳಿಲ್ದೋಳ್ನ ನಂಜುಂಡಯ್ಯ ಬಾಗ್ಲೊಳಿಕ್ಕೆ ಬುಡಾಕಿಲ್ಲ."

"ಹಂಗಂತ ಮಾತ್ರೆ ನುಂಗೋವಾಗ ಜ್ಞಾಪ್ಕ ಇರ್ಬೇಕಿತ್ತು," ಅಂದ ಬೋರಲಿಂಗಯ್ಯ.

ದೊಡ್ಡಲಕ್ಷ್ಮಮ್ಮ ಅವನ ಕಡೆ ನೋಡಲಿಲ್ಲ. ಡಾಕ್ಟರಮ್ಮನಿಗೆ ಹೇಳಿದಳು: "ಊಟ ಆದ್ಮೇಲೆ ಅಂದಿದ್ರಲ್ಲವ್ವ. ಬೆಳಿಗ್ಗೆ ಐದಕ್ಕೆ ಟೀ ಕುಡ್ದು ಶೆಡ್ಡಿಗೆ ಓಯ್ತೀನಿ. ಮಧ್ಯಾನ ಒಂದು ಬನ್ನು, ನಿಂತ್ಕಂಡೇ. ಬನ್ನು ಊಟ ಆದದಾ? ರಾತ್ರಿ ಮುದ್ದೆ ಉಂಡು ಒಂದು ನುಂಗ್ದೆ. ಐದು ದಿನ, ಐದು ಊಟ, ಐದು ಮಾತ್ರೆ. ತಪ್ಪಿಸ್ನಿಲ್ಲ."

ಆ ಮಾತ್ರೆಯ ಚೀಟಿಯನ್ನು ಅವಳಿಗೆ ಓದಿ ಹೇಳಿದವಳು ನಾನು. ನಮ್ಮ ಜಗುಲಿಯಲ್ಲಿ ಕನ್ನಡಕ ಹಾಕಿಕೊಂಡು, 'ಊಟ ಆದ ಮೇಲೆ, ಮೂರು ಸಲ' ಎಂದು ಓದಿದ್ದೆ. "ಉಂಡ್ಮೇಲೇ ತಕ್ಕಬೇಕಾ ಅಕ್ಕ?" ಎಂದು ಅವಳು ಕೇಳಿದ್ದಳು. ಹೌದು, ಬರೀ ಹೊಟ್ಟೆಯಲ್ಲಿ ನುಂಗಿದರೆ ಉರಿಯುತ್ತದೆ, ಎಂದಿದ್ದೆ. ಎಷ್ಟು ಸಲ ಉಣ್ಣುತ್ತೀಯ ಎಂದು ಕೇಳಿರಲಿಲ್ಲ. ನನ್ನಮ್ಮ ಹಗಲಿನಲ್ಲಿ ಉಂಡದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ ಎಂಬುದು ಆ ಸ್ಟೂಲಿನ ಮೇಲೆ ಕೂತಾಗ ನೆನಪಾಯಿತು.

ಬೋರಲಿಂಗಯ್ಯ ರಿಜಿಸ್ಟರಿನಲ್ಲಿ ಏನೋ ಬರೆದು ತಿರುಗಿಸಿದ. "ಹೆಬ್ಬೆಟ್ಟು ಒತ್ತು. ಆಮೇಲೆ ದೊಡ್ಡಾಸ್ಪತ್ರೆ ಚೀಟಿ."

"ಏನ್ ಬರ್ದಿದ್ದೀರಿ?" ಕೇಳಿದಳು ದೊಡ್ಡಲಕ್ಷ್ಮಮ್ಮ.

"ನಿಂಗ್ಯಾಕೆ? ಓದಕ್ಕೆ ಬತ್ತದಾ?" ಅವಳ ಎಡಗೈ ಮಣಿಕಟ್ಟನ್ನು ಹಿಡಿದು ಹೆಬ್ಬೆಟ್ಟನ್ನು ಇಂಕಿಗೆ ಒತ್ತಿದ.

ಅವಳು ಕೈ ಕಿತ್ತುಕೊಂಡಳು. "ಅಕ್ಕ, ನೀವು ಓದಿ."

"ನಿಮಗ್ಯಾಕೆ ಮೇಡಂ ಈ ರಗಳೆ, ಕೂತ್ಕಳಿ," ಅಂದ ಬೋರಲಿಂಗಯ್ಯ.

ನಾನು ಎದ್ದೆ. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿಕೊಂಡೆ. ಸಾಲಿನ ಕೊನೆಯವರೆಗೂ ಕೇಳುವಂತೆ ಓದಿದೆ: "ಮಾತ್ರೆ ಸೇವಿಸುವ ಕ್ರಮವನ್ನು ರೋಗಿಗೆ ತಿಳಿಸಲಾಗಿದೆ. ರೋಗಿಯ ನಿರ್ಲಕ್ಷ್ಯದಿಂದ ಗಾಯ ಹೆಚ್ಚಾಗಿದೆ."

"ನಿರ್ಲಕ್ಷ್ಯ ಅಂದ್ರೆ?"

"ನೀನು ಬೇಕಂತಲೇ ಲೆಕ್ಕಕ್ಕಿಡಲಿಲ್ಲ ಅಂತ. ತಪ್ಪು ನಿಂದೇ ಅಂತ." ಮತ್ತೆ ಹೇಳಿದೆ, "ಚೀಟಿ ಓದಿ ಹೇಳಿದ್ದು ನಾನು ಡಾಕ್ಟರಮ್ಮ. ಅದನ್ನೂ ಬರ್ಕೊಳ್ಳಿ."

ದೊಡ್ಡಲಕ್ಷ್ಮಮ್ಮ ಇಂಕು ಹತ್ತಿದ ಹೆಬ್ಬೆಟ್ಟನ್ನು ನೋಡಿಕೊಂಡಳು. ಬಿಸಿನೀರಿನಲ್ಲಿ ಗೆರೆಗಳೆಲ್ಲ ಸವೆದು ಅದು ನುಣ್ಣಗಿತ್ತು.

"ಒತ್ತಾಕಿಲ್ಲ," ಅಂದಳು. "ಇವ್ಳು ದಿನಕ್ಕೆ ಒಂದೇ ಊಟ ಉಂಬೋದು, ನಾವು ಕೇಳ್ನಿಲ್ಲ ಅಂತ ಬರೀರಿ. ಒತ್ತೀನಿ."

"ಚೀಟಿ ಇಲ್ದೆ ಸಾಯಿ ಹಂಗಾದ್ರೆ."

"ಸಾಯದು ನಾನ್ ತಾನೆ. ತಪ್ಪಾದ್ರೂ ನಿಮ್ದಾಗಿರ್ಲಿ."

ಗೋಡೆಯ ಬಳಿ ಹೋಗಿ ಹೆಬ್ಬೆಟ್ಟನ್ನು ಪಟದಲ್ಲಿದ್ದ ಬಿಳಿ ಹಾಲಿನ ಲೋಟದ ಮೇಲೆ ಒರೆಸಿದಳು. ಸಾಲಿನಲ್ಲಿ ಅವಳ ಹಿಂದಿದ್ದ ಮುದುಕಿ ಪ್ಯಾಡಿನ ಕಡೆ ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಬೋರಲಿಂಗಯ್ಯ ರಿಜಿಸ್ಟರನ್ನು ರಪ್ಪೆಂದು ಮುಚ್ಚಿದ. ಡಾಕ್ಟರಮ್ಮ ಯಾರನ್ನೂ ನೋಡದೆ ಬೇರೊಂದು ಹಾಳೆ ಎಳೆದುಕೊಂಡು ಚೀಟಿ ಬರೆದಳು. ಹತ್ತು ಮಾತ್ರೆಗಳ ಪೊಟ್ಟಣವನ್ನು ಅದರ ಮೇಲಿಟ್ಟು ನೂಕಿದಳು.

"ಮೂರು ಗಂಟೆಯೊಳಗೆ ಅಲ್ಲಿರಿ. ಈಗ್ಲೇ ಒಂದು ತಗೊ. ಊಟ ಆದ..." ಎಂದು ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು.

ನಾವು ಮೂವರೂ ಹೊರಗಿನ ಮೆಟ್ಟಿಲಿನ ಮೇಲೆ ಕೂತೆವು. ಬಿಡದಿ ಕಡೆಯಿಂದ ಕಂಪನಿಯ ಬಸ್ಸುಗಳು ಧೂಳೆಬ್ಬಿಸಿಕೊಂಡು ಹೋದವು. ದೊಡ್ಡಲಕ್ಷ್ಮಮ್ಮ ಅಂಗೈಯಲ್ಲಿದ್ದ ಒಂದು ಮಾತ್ರೆಯನ್ನೇ ನೋಡುತ್ತಿದ್ದಳು. ಬಸ್ಸಿಗೆ ಇನ್ನೂ ಅರ್ಧ ಗಂಟೆ.

ಜಹೀದಾ ಕಂಕುಳಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದು, ಅನ್ನಕ್ಕೆ ಹುರುಳಿ ಸಾರು ಕಲಸಿ, ಎಡಗೈಗೆ ಎಟುಕುವಂತೆ ಅವಳ ಮಡಿಲಲ್ಲಿಟ್ಟಳು.