ಒರೆಸಿಕೊಂಡ ಮನೆ

ನಿಪ್ಪಾಣಿಯ ಆ ಮನೆಗೆ ಮೆಟ್ಟಿಲು ಇರುವುದು ಒಂದೇ ಕಡೆ. ಮಾಳಿಗೆಯ ಮೇಲೆ ಬಾಡಿಗೆಗಿದ್ದ ನಿಲೇಶ ಆಫೀಸಿಗೆ ಹೋಗಲಿ, ಹಾಲು ತರಲಿ, ಕಸ ಚೆಲ್ಲಲಿ, ಕೆಳಗಿನ ಪಡಸಾಲೆಯಲ್ಲಿ ಜೋಕಾಲಿಯ ಮೇಲೆ ಕೂತ ಮನೆಮಾಲೀಕ ಆಬಾಸಾಹೇಬರನ್ನು ದಾಟಿಯೇ ಹೋಗಬೇಕು. ಆಬಾಸಾಹೇಬರು ಒಳ್ಳೆಯ ಮನುಷ್ಯ. ಊಟ ಆಯಿತಾ ಎಂದು ಕೇಳುವವರು, ನಿಲೇಶನ ಏಳು ತಿಂಗಳ ಬಸುರಿ ಹೆಂಡತಿ ಸಪನಾ ಕೊಡ ಎತ್ತುವುದು ಕಂಡರೆ ತಾವೇ ಎದ್ದು ಹೊತ್ತು ಕೊಡುವವರು. ಅವರು ಕೆಟ್ಟವರಾಗಿದ್ದರೆ ನಿಲೇಶನ ಕಷ್ಟ ಅರ್ಧ ಕಡಿಮೆಯಾಗುತ್ತಿತ್ತು.

ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು ಅವರು. ಸ್ಟೇರಿಂಗ್ ಬಿಟ್ಟ ಮೇಲೆ ಕೈ ಸುಮ್ಮನಿರುತ್ತಿರಲಿಲ್ಲ. ಪುಣೆಯಲ್ಲಿರುವ ಮಗಳು ಅಗಲವಾದ ಟ್ಯಾಬ್ ಒಂದನ್ನು ತಂದುಕೊಟ್ಟು, ಮ್ಯಾಪಿನಲ್ಲಿ ರಸ್ತೆಗೇ ಇಳಿದು ನಿಂತ ಹಾಗೆ ಎರಡೂ ಬದಿಯ ಮನೆ, ಅಂಗಡಿ, ಗಿಡ ನೋಡುವುದನ್ನು ಕಲಿಸಿ ಹೋಗಿದ್ದಳು. ತಲೆಯ ಮೇಲೆ ಕ್ಯಾಮೆರಾ ಹೊತ್ತ ಕಾರು ಯಾವತ್ತೋ ಓಡಾಡಿ ತೆಗೆದ ಫೋಟೋಗಳು. ಬಾಣದ ಗುರುತು ಒತ್ತಿದರೆ ರಸ್ತೆ ಹತ್ತು ಮಾರು ಮುಂದೆ ಸರಿಯುತ್ತದೆ. ಬೇರೆಯವರು ಊರಿನ ಹೆಸರು ಹಾಕಿ ನೇರ ಅಲ್ಲಿಗೇ ಜಿಗಿಯುತ್ತಾರೆ. ಆಬಾಸಾಹೇಬರು ಡ್ರೈವರು. ನಿಪ್ಪಾಣಿ ಸ್ಟ್ಯಾಂಡಿನಿಂದ ಗಾಡಿ ಬಿಟ್ಟು, ಒಂದೊಂದೇ ಸ್ಟೇಜು ದಾಟಿ, ಸಂಜೆ ಎಲ್ಲಿ ಮುಟ್ಟಿದರೋ ಅಲ್ಲೇ ಹಾಲ್ಟ್ ಮಾಡಿ ಮಲಗುತ್ತಿದ್ದರು.

ಒಂದು ಭಾನುವಾರ ನಿಲೇಶ ಹಾಲಿನ ಪ್ಯಾಕೆಟ್ಟು ಹಿಡಿದು ಮೆಟ್ಟಿಲ ಕಡೆ ತಿರುಗುತ್ತಿದ್ದಾಗ ಅವರು ಕರೆದರು.

"ನಿಲೇಶರಾವ್, ನಿಮ್ಮ ಅಡ್ಡಹೆಸರ ಅಲಖನೂರ ಅಲ್ರಿ? ಆ ಲೈನ್ ನಾ ಎಂಟ ವರ್ಷ ಹೊಡದೇನಿ. ಚಲಾ, ಈ ಸಲ ನಿಮ್ಮ ಮನಿಗೇ ಹೋಗೂಣು."

"ಅಲ್ಲೇನೈತ್ರಿ ಕಾಕಾ ನೋಡಾಕ."

"ನಿಮ್ಮ ಮನಿ ಐತಲ್ರಿ," ಎಂದು ಆಬಾಸಾಹೇಬರು ಕನ್ನಡಕ ಏರಿಸಿಕೊಂಡರು.

ನಿಲೇಶನ ಅಡ್ಡಹೆಸರಲ್ಲಿ ಜಾತಿ ಇರಲಿಲ್ಲ, ಊರಷ್ಟೇ ಇತ್ತು. ಮಗನನ್ನು ಶಾಲೆಗೆ ಹಚ್ಚುವಾಗ ತಂದೆ ಭರಮು ಯೋಚನೆ ಮಾಡಿಯೇ ಹಾಗೆ ಬರೆಸಿದ್ದ. ಈ ಮನೆ ಕೇಳಲು ಬಂದ ದಿನ ಆಬಾಸಾಹೇಬರ ಹೆಂಡತಿ 'ನೀವು ಯಾರ ಪೈಕಿ' ಎಂದು ಕೇಳಿದ್ದರು. ಕೆಳಗೆ ದೇವರ ಮನೆ ಇದೆ, ಎಲ್ಲರಿಗೂ ಕೊಡೋದಿಲ್ಲ ಎಂದೂ ಸೇರಿಸಿದ್ದರು. 'ಒಕ್ಕಲುತನದವ್ರು' ಎಂದ ನಿಲೇಶ. ಪೂರ್ತಿ ಸುಳ್ಳೇನಲ್ಲ. ಅವನ ಮನೆಯವರು ತಲೆಮಾರುಗಳಿಂದ ಹೊಲದಲ್ಲೇ ದುಡಿದವರು, ಹೊಲ ಮಾತ್ರ ಬೇರೆಯವರದು.

ಅದಕ್ಕೂ ಮುಂಚೆ ಚಿಕ್ಕೋಡಿಯಲ್ಲಿದ್ದಾಗ ಅವನು ನಿಜವನ್ನೇ ಹೇಳಿದ್ದ. ನಾವು ಬೌದ್ಧರು ಎಂದು ಹೇಳಿದ ವಾರದಲ್ಲೇ ಆ ಮಾಲೀಕರ ಮಗನಿಗೆ ಇದ್ದಕ್ಕಿದ್ದ ಹಾಗೆ ಮದುವೆ ಗೊತ್ತಾಗಿ ಮನೆ ಬೇಕಾಯಿತು. ಆ ಮದುವೆ ಇವತ್ತಿನವರೆಗೂ ಆಗಿಲ್ಲ. ನಿಪ್ಪಾಣಿಗೆ ವರ್ಗವಾದ ಮೇಲೆ ಹನ್ನೊಂದು ಮನೆಯ ಬಾಗಿಲು ಬಡಿದು ಸಿಕ್ಕ ಮನೆ ಇದು. ಹೊಟ್ಟೆಯಲ್ಲಿರುವ ಮೊದಲ ಕೂಸು ನಿಲ್ಲಬೇಕಾದರೆ ಓಡಾಟ ಕಡಿಮೆ ಮಾಡು ಎಂದು ಡಾಕ್ಟರು ಸಪನಾಳಿಗೆ ಎಚ್ಚರಿಕೆ ಕೊಟ್ಟಿದ್ದರು. "ಇನ್ನೊಂದ ಸಲ ಸಾಮಾನ ಕಟ್ಟೂದು ನನ್ನ ಕೈಲಿ ಆಗಂಗಿಲ್ಲ. ಏನರೆ ಮಾಡ್ರಿ, ಈ ಮನಿ ಉಳಿಸ್ರಿ," ಎಂದು ಅವಳು ಹೇಳಿಬಿಟ್ಟಿದ್ದಳು.

ಸೋಮವಾರ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿಟ್ಟು ನಿಲೇಶ ತಾನೇ ಫೋನಿನಲ್ಲಿ ಅಲಖನೂರಿಗೆ ಹೋದ. ಬಸ್ ಸ್ಟಾಪು, ಗೌಡರ ವಾಡೆ, ಶಾಲೆ, ಹಳ್ಳದ ಸಣ್ಣ ಸೇತುವೆ. ಸೇತುವೆ ದಾಟಿದರೆ ಕಾಲೋನಿಯ ಕಮಾನು, ಅದರ ಮೇಲೆ ನೀಲಿ ಬಾವುಟ. ಕಮಾನಿನ ಹಿಂದೆ ಮೂರನೆಯ ಮನೆ ಅವನದು. ಇಟ್ಟಿಗೆ ಇಟ್ಟವನು ಅಪ್ಪ, ಈಗಿಲ್ಲ. ಬಾಗಿಲ ಮೇಲೆ ಅಪ್ಪನೇ ನೀಲಿ ಬಣ್ಣದಲ್ಲಿ ಬರೆದ ಅಕ್ಷರ ಫೋನಿನಲ್ಲೂ ಓದಲು ಬರುತ್ತಿತ್ತು: ಭರಮು ಅಕ್ಕುತಾಯಿ ನಿವಾಸ.

ಅದರ ಕೆಳಗೆ ಸೊಂಟದ ಮೇಲೆ ಕೈ ಇಟ್ಟು ನಿಂತವಳು ಅವನ ತಾಯಿ ಅಕ್ಕುತಾಯಿ. ಯಂತ್ರ ಅವಳ ಮುಖ ಮಸುಕು ಮಾಡಿತ್ತು, ನಿಲುವು ಮಾಡಿರಲಿಲ್ಲ. ಕ್ಯಾಮೆರಾದ ಕಾರು ಕಮಾನಿನ ಕಡೆ ಬರುತ್ತಿದೆ ಎಂದು ಗೊತ್ತಾದದ್ದೇ ಅವಳು ಒಳಗೋಡಿ, ಏಪ್ರಿಲ್ ಹದಿನಾಲ್ಕರ ಜಯಂತಿಗೆಂದು ಎತ್ತಿಟ್ಟಿದ್ದ ಬಿಳಿ ಸೀರೆ ಉಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. ಮುಂದೆ ಪಕ್ಕದ ಮನೆಯ ಕಾಲೇಜು ಹುಡುಗಿ ರೂಪಾಲಿ ಫೋನಿನಲ್ಲಿ ತೋರಿಸಿದ ಮೇಲಂತೂ ಕಾಲೋನಿಗೆ ಯಾರ ಮನೆಯ ಬೀಗರು ಬಂದರೂ ಅಕ್ಕುತಾಯಿ ಅವರನ್ನು ಕೂಡಿಸಿಕೊಂಡು, "ನಾನೂ ನನ್ನ ಮನೀನೂ ಮ್ಯಾಪಿನ್ಯಾಗ ಅದೇವಿ, ಲಂಡನ್‌ದಾಗ ಕುಂತವ್ರಿಗೂ ಕಾಣ್ತೇವಿ," ಎನ್ನುತ್ತಿದ್ದಳು.

ನಿಲೇಶ ರೊಟ್ಟಿ ಮುಟ್ಟಲಿಲ್ಲ. ಮನೆಯನ್ನು ಮಸುಕು ಮಾಡಿ ಎಂದು ಅರ್ಜಿ ಹಾಕಲು ಮ್ಯಾಪಿನಲ್ಲೇ ಜಾಗವಿತ್ತು. ಬೆರಳಿಂದ ಮನೆಯ ಸುತ್ತ ಚೌಕ ಎಳೆದ. ಒಮ್ಮೆ ಮಸುಕು ಮಾಡಿದರೆ ಮತ್ತೆ ಮೊದಲಿನಂತೆ ಮಾಡಲು ಆಗುವುದಿಲ್ಲ ಎಂಬ ಎಚ್ಚರಿಕೆ ಬಂತು. ಎರಡು ಸಲ ಓದಿದ. ಯಾಕೆ ಎಂದು ಕೇಳಿದ ಕಡೆ 'ಇದು ನನ್ನ ಮನೆ' ಎಂದು ಬರೆದು ಒತ್ತಿದ. ನಿಪ್ಪಾಣಿಗೆ ಬಂದ ಮೇಲೆ ಆ ಮನೆ ತನ್ನದು ಎಂದು ಅವನು ಒಪ್ಪಿಕೊಂಡದ್ದು ಅದೊಂದೇ ಸಲ. ಒತ್ತಿಯಾದ ಮೇಲೆ ತಲೆಗೆ ಹೊಳೆಯಿತು: ಮನೆ ಒರೆಸಿದರೂ ಕಮಾನು, ಬಾವುಟ, ಓಣಿ ಎಲ್ಲ ಅಲ್ಲೇ ಇರುತ್ತವಲ್ಲ.

ಇತ್ತ ಆಬಾಸಾಹೇಬರ ಬಸ್ಸು ನಿಲ್ಲಲಿಲ್ಲ. ಮಂಗಳವಾರ ಚಿಕ್ಕೋಡಿಯಲ್ಲಿ ಹಾಲ್ಟ್. ಬುಧವಾರ ಕಬ್ಬೂರ. ಪ್ರತಿ ಸಂಜೆ ನಿಲೇಶ ಬಾಗಿಲಲ್ಲಿ ಚಪ್ಪಲಿ ಬಿಡುವುದೇ ತಡ, ಅವರು ಜೋಕಾಲಿಯಲ್ಲಿ ಸರಿದು ಜಾಗ ಮಾಡುತ್ತಿದ್ದರು. "ಈ ತಿರುವಿನ್ಯಾಗ ಕಬ್ಬಿನ ಟ್ರಾಲಿ ಅಡ್ಡ ಬಿದ್ದಿತ್ತ ನೋಡ್ರಿ, ಪ್ಯಾಸೆಂಜರ್ ಎಲ್ಲಾ ಇಳದ ಕಬ್ಬ ತಿನಕೋತ ಕುಂತಿದ್ರು." ಹೆಂಡತಿ ಒಳಗಿಂದ ಚಹಾ ಕಳಿಸುತ್ತಿದ್ದರು. ನಿಲೇಶ ನಗಬೇಕಾದಲ್ಲಿ ನಕ್ಕು, ಬಾಣದ ಗುರುತಿನ ಮೇಲೆ ಏಳುತ್ತ ಬೀಳುತ್ತ ಇದ್ದ ಆ ದಪ್ಪ ಬೆರಳನ್ನೇ ನೋಡುತ್ತ ಕೂರುತ್ತಿದ್ದ. ಎದ್ದು ಹೋಗಲು ನೆಪ ಸಾಕಷ್ಟಿದ್ದವು. ಆದರೆ ತಾನಿಲ್ಲದಾಗ ಅವರು ಎಲ್ಲಿಯವರೆಗೆ ಹೋಗಿಬಿಡುತ್ತಾರೋ ಎಂಬ ಹೆದರಿಕೆ ಕಟ್ಟಿ ಹಾಕಿತ್ತು. ಗುರುವಾರ ರಾಯಬಾಗ ಬಂತು.

ಶುಕ್ರವಾರ ಆಫೀಸಿನಿಂದ ಹೊರಡುವ ಮುಂಚೆ ನೋಡಿದ. ಅರ್ಜಿಗೆ ಉತ್ತರವಿಲ್ಲ, ಮನೆ ಹಾಗೇ ಇದೆ, ಅವ್ವ ಬಿಳಿ ಸೀರೆಯಲ್ಲಿ ನಿಂತೇ ಇದ್ದಾಳೆ.

"ಬರ್ರಿ ಬರ್ರಿ, ನಿಮ್ಮೂರಿನ ಬೋರ್ಡ್ ದಾಟಿ ನಿಂತೇನಿ," ಎಂದರು ಆಬಾಸಾಹೇಬರು. "ಮನಿ ಬಂದ್ರ ಬೆಲ್ ಹೊಡೀಬೇಕ ನೋಡ್ರಿ."

ಬಸ್ ಸ್ಟಾಪು ಹೋಯಿತು. ಚಹಾದಂಗಡಿ ಹೋಯಿತು. ನಿಲೇಶ ಎಣಿಸುತ್ತ ಕೂತಿದ್ದ. ಇನ್ನು ಇಪ್ಪತ್ತು ಸಲ ಬೆರಳು ಬಿದ್ದರೆ ಶಾಲೆ, ಆಮೇಲೆ ಸೇತುವೆ, ಆಮೇಲೆ ಬಾವುಟ. ಮೇಲೆ ಸಪನಾ ನಡೆದಾಡುವ ಸಪ್ಪಳ ಕೇಳುತ್ತಿತ್ತು. ಬೇವಿನ ಗಿಡವೊಂದು ಪರದೆಯೊಳಗೆ ಬಂದದ್ದೇ ಅವನು, "ಇಲ್ಲೇ ರೀ ಕಾಕಾ, ಇದ ಮನಿ," ಎಂದುಬಿಟ್ಟ.

ಅದು ಗೌಡರ ವಾಡೆ. ಎರಡಂತಸ್ತು, ಕೆತ್ತಿದ ಚೌಕಟ್ಟು, ಪಕ್ಕದಲ್ಲಿ ಟ್ರ್ಯಾಕ್ಟರು. ಆಬಾಸಾಹೇಬರು ಬಹಳ ಹೊತ್ತು ನೋಡಿದರು. ಆಮೇಲೆ ಒಳಗಿನ ಕಡೆ ತಿರುಗಿ, "ಅಗ, ಇಕಡೆ ಯೇ," ಎಂದು ಹೆಂಡತಿಯನ್ನು ಮರಾಠಿಯಲ್ಲಿ ಕರೆದು ತೋರಿಸಿದರು. "ಇಷ್ಟ ದೊಡ್ಡ ಮನ್ಯಾವ್ರ ನಮ್ಮ ಎರಡ ಖೋಲ್ಯಾಗ ಇರ್ತೀರಲ್ರಿ," ಎಂದರು. ಅವತ್ತಿನಿಂದ ಅವರ ಮಾತಿನಲ್ಲಿ ಮರ್ಯಾದೆ ಒಂದು ಹಿಡಿ ಹೆಚ್ಚಾಯಿತು, ನಿಲೇಶನಿಗೆ ಮೆಟ್ಟಿಲು ಹತ್ತುವುದು ಇನ್ನಷ್ಟು ಭಾರವಾಯಿತು.

ಅರ್ಜಿ ಮಂಜೂರಾದದ್ದು ಅದಾದ ಮೂರನೆಯ ದಿನ. ಬೇಕಾದಾಗ ಬರಲಿಲ್ಲ, ಬೇಡವಾದ ಮೇಲೆ ಬಂತು. ಆ ಸಂಜೆಯೇ ಅವ್ವನ ಫೋನು.

"ನಿಲ್ಯಾ, ನಮ್ಮನಿ ಒರಿಸ್ಯಾರೋ. ಆಜೂಬಾಜೂ ಎಲ್ಲಾ ಹಂಗ ಅದಾವು. ನಮ್ಮದೊಂದ ಬೂದಿ ಬಡದಂಗ ಮಾಡ್ಯಾರ. ನಿಮ್ಮಪ್ಪ ಬರದ ಹೆಸರೂ ಇಲ್ಲ, ನಾನೂ ಇಲ್ಲ."

"ಫೋನಿಂದ ಏನೋ ತ್ರಾಸ ಇರಬೇಕ ಅವ್ವ."

"ರೂಪಾಲಿ ನಾಕ ಮಂದಿ ಫೋನಿನ್ಯಾಗ ನೋಡ್ಯಾಳ. ಯಾರೋ ಹೊಟ್ಟಿಕಿಚ್ಚಿಗೆ ಮಾಡ್ಯಾರ. ನೀ ಸರ್ಕಾರಿ ಆಫೀಸಿನ್ಯಾಗ ಅದಿ, ಒಂದ ಕಂಪ್ಲೇಂಟ್ ಬರದ ಕೊಡು. ಮಾಡಿದವ್ರ ಹೆಸರ ಹೊರಗ ಬರ್ಲಿ."

"ಕೊಡ್ತೀನಿ," ಎಂದ ನಿಲೇಶ. ಬೇರೆ ಏನು ಹೇಳಲಿ? ಅವ್ವ ಬಿಡುವವಳಲ್ಲ. ದಿನಾ ಕೇಳಿದಳು. ಕೊಟ್ಟಿಯಾ, ಏನಂದರು, ಹೆಸರು ಸಿಕ್ಕಿತಾ. ಸಾಹೇಬರು ರಜೆಯಲ್ಲಿದ್ದಾರೆ ಎಂದ, ಕಂಪ್ಯೂಟರ್ ಕೆಟ್ಟಿದೆ ಎಂದ. ಅಷ್ಟು ಸುಳ್ಳು ಹೇಳುವಾಗ ನಿಜವನ್ನೂ ಒಂದು ದಿನ ಹೇಳಬಹುದಿತ್ತು.

ಸಪನಾಳಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನಕ್ಕೆ ಅಕ್ಕುತಾಯಿಯೇ ಬರಬೇಕು, ದಿನ ಹತ್ತಿರವಾದಾಗ ಹೊರಟಳು. ಐದು ಗಂಟೆಯ ಬಸ್ಸಿಗೆ ಬರುತ್ತಾಳೆ, ಸ್ಟ್ಯಾಂಡಿನಿಂದ ಕರೆತರುವಾಗ ದಾರಿಯಲ್ಲಿ ಎಲ್ಲ ಹೇಳಿಬಿಡೋಣ, ಗೌಡರ ಮನೆಯ ವಿಷಯ ಮೊದಲು, ಒರೆಸಿದ ವಿಷಯ ಕೊನೆಗೆ, ಎಂದು ನಿಲೇಶ ಲೆಕ್ಕ ಹಾಕಿದ್ದ. ಅಕ್ಕುತಾಯಿಗೆ ಎರಡು ಗಂಟೆಯ ಬಸ್ಸು ಸಿಕ್ಕಿಬಿಟ್ಟಿತು. ಮಗನಿಗೆ ಯಾಕೆ ತೊಂದರೆ ಎಂದು ವಿಳಾಸದ ಚೀಟಿ ಹಿಡಿದು ತಾನೇ ಕೇಳಿಕೊಂಡು ಬಂದಳು. ಸಪನಾಳ ಫೋನು ಬಂದು ನಿಲೇಶ ಓಡಿ ಬರುವ ಹೊತ್ತಿಗೆ ಅವ್ವ ಪಡಸಾಲೆಯಲ್ಲಿ, ಕೈಯಲ್ಲಿ ಆ ಮನೆಯವರ ಚಹಾದ ಕಪ್ಪು-ಬಸಿ ಹಿಡಿದು, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಆಬಾಸಾಹೇಬರ ಟ್ಯಾಬು ತೆರೆದಿತ್ತು.

"ನೋಡ್ರಿ ಅಕ್ಕಾ, ನಿಮಗಿಂತ ಮೊದಲ ನಾ ನಿಮ್ಮನಿಗೆ ಹೋಗಿ ಬಂದೇನಿ," ಎಂದು ಅವರು ಟ್ಯಾಬನ್ನು ಅವಳ ಮಡಿಲಿಗೇ ಇಟ್ಟರು.

ನಿಲೇಶ ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಬಿಡದೆ ಬಾಗಿಲಲ್ಲೇ ನಿಂತ. ಅವ್ವ ವಾಡೆಯನ್ನು ನೋಡಿದಳು, ಬೇವಿನ ಗಿಡ ನೋಡಿದಳು. ಮೂವತ್ತು ವರ್ಷ ಅದರ ಹಿತ್ತಲಲ್ಲಿ ಸಗಣಿ ಬಳಿದ ಕೈ ಅವಳದು. ತಲೆ ಎತ್ತಿ ಮಗನ ಮುಖ ನೋಡಿದಳು.

"ಹೌದ್ರಿ," ಎಂದಳು ಅಕ್ಕುತಾಯಿ. "ನಮ್ಮನೀನ."

ಆಬಾಸಾಹೇಬರಿಗೆ ಹುರುಪು ಬಂತು. "ನಿಮ್ಮೂರ ಪೂರ್ತಿ ತಿರಗೇನಿ. ಮುಂದ ಹಳ್ಳದ ಆಚೆ ಆ ಮಂದಿ ಕಾಲೋನಿ ಐತಲ್ರಿ, ಅಲ್ಲೊಂದ ಮಜಾ ನೋಡ್ರಿ." ಬೆರಳು ಶಾಲೆ ದಾಟಿತು, ಸೇತುವೆ ದಾಟಿತು, ಕಮಾನಿನ ಕೆಳಗೆ ನುಗ್ಗಿತು. "ಇದೊಂದ ಮನಿ ಪೂರಾ ಮಸಕ. ಮಗಳನ್ನ ಕೇಳಿದೆ. ಮನ್ಯಾವ್ರು ತಾವ ಅರ್ಜಿ ಹಾಕಿದ್ರ ಹಿಂಗ ಒರಸ್ತಾರಂತ. ತಮ್ಮನಿ ತಾವ ಯಾಕ ಒರಿಸಿಕೊಂಡಾರೋ ಏನೋ. ಮುಚ್ಚಿಡೂವಂಥಾದ್ದು ಏನರೆ ಇದ್ದಿರಬೇಕ."

"ಇದ್ದಿರಬೇಕ್ರಿ," ಎಂದಳು ಅಕ್ಕುತಾಯಿ. ಕಪ್ಪಿನಲ್ಲಿ ಚಹಾ ಅರ್ಧ ಉಳಿದಿತ್ತು. ಅದನ್ನು ಚೆಲ್ಲದ ಹಾಗೆ ಹುಷಾರಾಗಿ ಕೆಳಗಿಟ್ಟು ಎದ್ದಳು.

ಮೇಲೆ ಬಂದು ಗಂಟು ಬಿಚ್ಚಿದಳು. ಜೋಳದ ಹಿಟ್ಟು, ಶೇಂಗಾ ಹಿಂಡಿ, ಕೂಸಿಗೆಂದು ಹೊಲಿದ ಕುಂಚಿಗೆ. ಒಂದೊಂದೇ ಸೊಸೆಯ ಕೈಗೆ ಕೊಟ್ಟಳು, ಸೊಸೆಯ ಕಾಲಿನ ಬಾವು ಒತ್ತಿ ನೋಡಿದಳು. ನಿಲೇಶ ಗೋಡೆಗೆ ಒರಗಿ ನಿಂತಿದ್ದ. ಬೈಯಲಿ ಎಂದು ಕಾದ. ಬೈದಿದ್ದರೆ ಅವನಿಗೆ ಉಸಿರಾಡಲು ಜಾಗ ಸಿಗುತ್ತಿತ್ತು.

"ಆ ಕಂಪ್ಲೇಂಟ್ ಕೊಡೂದ ಬ್ಯಾಡ ಬಿಡು," ಎಂದಳು ಅವ್ವ, ಗಂಟಿನ ಬಟ್ಟೆ ಮಡಿಸುತ್ತಾ.

"ಅವ್ವ..."

"ಇರ್ಲಿ. ಕೂಸ ಬರೂತನಕ ಈ ಮನಿ ಬೇಕು. ನನಗ ತಿಳಿಯಂಗಿಲ್ಲೇನು." ಮಡಿಸಿದ ಬಟ್ಟೆಯನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದಳು. "ಖರೇ ಒಂದ ಹೇಳು. ಇನ್ನ ಮೂರ ತಿಂಗಳ ನಾ ಕೆಳಗಿನವ್ರ ಮುಂದ ಹಾದ ಹೋಗಬೇಕು. ಮನಿ ಒಳಗ ಹ್ಯಾಂಗೈತಿ, ಎಷ್ಟ ಖೋಲಿ ಅದಾವು, ದೇವರ ಮನಿ ಯಾವ ದಿಕ್ಕಿಗೈತಿ ಅಂತ ಅವ್ರ ಹೆಂಡ್ತಿ ಕೇಳ್ತಾರ. ನನಗ ಹಿತ್ತಲ ಅಷ್ಟ ಗೊತ್ತು. ಏನಂತ ಹೇಳ್ಲಿ?"

ನಿಲೇಶನೂ ಆ ವಾಡೆಯ ಹೊಸ್ತಿಲು ದಾಟಿದವನಲ್ಲ. ಕೆಳಗಿನಿಂದ ಆಬಾಸಾಹೇಬರು, ರಾತ್ರಿ ಅಕ್ಕನ ಊಟ ನಮ್ಮ ಮನೆಯಲ್ಲೇ ಎಂದು ಕೂಗಿ ಹೇಳಿದರು.